ಚಾ ಕುಡಿದ ಮೇಲೆ ಕಡಿಯಲಿ

ನಮ್ಮ ಕಾಕಾನಂಥ ನಿರ್ಮಾಪಕರು ಇನ್ನೊಬ್ಬರಿಲ್ಲ; ಇರಲೂ ಬಾರದು! ಸಿಂದಗಿಯಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ ಅವರದು. ಮದುವೆ ಮನೆಗಳಲ್ಲಿ ಉಂಡು ಉಂಡು, ಬಂದವರಿಗೆ ಉಣಿಸುವುದೇ ಬದುಕು ಎಂದು ನಂಬಿದ ಮನುಷ್ಯ. ಅಣ್ಣ-ತಮ್ಮಂದಿರ ವೈರದ ಕಥೆಯನ್ನು ಯೂಟ್ಯೂಬಿಗೆ ಮೂರು ಭಾಗದ ಸಿನಿಮಾ ಮಾಡುತ್ತೇನೆ ಎಂದಾಗ, "ಮಾಡು, ರೊಕ್ಕ ನಾ ಹಾಕ್ತೇನಿ" ಎಂದುಬಿಟ್ಟರು. ಕಥೆ ಯಾರದೆಂದು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಹೊಲ ಹಂಚಿಕೆಯಾದಾಗಿನಿಂದ ನಮ್ಮ ಅಪ್ಪನಿಗೂ ಕಾಕಾನಿಗೂ ಮಾತಿಲ್ಲ. ಇಂಗಳೇಶ್ವರದ ನಮ್ಮ ಮನೆಯ ಹೊಸ್ತಿಲನ್ನು ಕಾಕಾ ಮತ್ತೆ ತುಳಿದಿಲ್ಲ. ಆದರೂ ಸಿಕ್ಕಾಗಲೆಲ್ಲ "ಅಣ್ಣ ಹೆಂಗದಾನೋ?" ಎಂದು ಕೇಳದೆ ಬಿಡುವವರಲ್ಲ.

ಮೊದಲ ಭಾಗ ಮೋರಟಗಿಯ ಹೊಲದಲ್ಲಿ. ಖಳನಾಯಕ ಕೊಡಲಿ ಹಿಡಿದು ನಾಯಕನ ಗುಡಿಸಲಿಗೆ ನುಗ್ಗಬೇಕು. ನುಗ್ಗಿದ. "ಏ, ನಿಲ್ಸು!" ಎಂದು ಕಾಕಾ ಕೂಗಿದರು.

"ಹೊಲಕ್ಕ ಬಂದಾಂವಗ ಒಂದ್ ಕಪ್ ಚಾ ಕೇಳಂಗಿಲ್ಲೇನೋ?"

"ಕಾಕಾ, ಅಂವ ಕಡ್ಯಾಕ ಬಂದಾನ್ರಿ!"

"ಬಂದಾನಲ್ಲ! ಚಾ ಕುಡದ ಮ್ಯಾಲ ಕಡೀಲಿ."

ರೊಕ್ಕ ಅವರದು, ನಾನೇನು ಮಾಡಲಿ? ಖಳನಾಯಕ ಕೊಡಲಿ ಪಕ್ಕಕ್ಕಿಟ್ಟು ಚಾ ಕುಡಿದ, ಚುರಮರಿ ತಿಂದ. ಯೂಟ್ಯೂಬಿನಲ್ಲಿ ನೋಡಿದವರೆಲ್ಲ "ಪಾಪ, ಭಾಳ ಚಲೋ ಮನಷ್ಯಾ" ಎಂದು ಅವನನ್ನೇ ಹೊಗಳಿ ಬರೆದರು!

ಎರಡನೆಯ ಭಾಗಕ್ಕೆ ಝಳಕಿಯ ಹೆದ್ದಾರಿಯಲ್ಲಿ ಬೈಕ್ ಬೆನ್ನಟ್ಟುವ ದೃಶ್ಯ ಇಟ್ಟೆ. ಓಡುವವರಿಗೆ ಯಾರು ಚಾ ಕೊಟ್ಟಾರು? ಆದರೆ ರಸ್ತೆ ಬದಿಯ ಒಂದು ಧಾಬಾ ಕಾಕಾನ ಕಣ್ಣಿಗೆ ಬಿದ್ದುಬಿಟ್ಟಿತು. "ಊಟದ ಹೊತ್ತಿನಾಗ ಧಾಬಾ ಬಿಟ್ಟು ಮುಂದ ಹೋಗ್ತಾರೇನು?" ಓಡುವವನೂ ಅಟ್ಟುವವನೂ ಒಂದೇ ಟೇಬಲ್ಲಿಗೆ ಕುಳಿತು ಉಂಡರು. ಆಮೇಲೆ "ಬಿಲ್ಲು ನಾ ಕೊಡ್ತೇನಿ", "ಏ, ನಾ ಕೊಡ್ತೇನಿ" ಎಂದು ಕೈ ಕೈ ಹಿಡಿದು ಎಳೆದಾಡಿದರು. ಇಡೀ ಸರಣಿಯಲ್ಲಿ ನಿಜವಾದ ಹೊಡೆದಾಟವೆಂದರೆ ಅದೊಂದೇ!

ಮೂರನೆಯ ಭಾಗದಲ್ಲಿ ನಾನು ಹಟ ಹಿಡಿದೆ. ಮುಪ್ಪಿನಲ್ಲಿ ತಮ್ಮನಾದವನು ಅಣ್ಣನ ಮನೆಗೆ ಬರುತ್ತಾನೆ; ಅಣ್ಣ ಮುಖದ ಮೇಲೆ ಬಾಗಿಲು ಹಾಕುತ್ತಾನೆ. ಅಷ್ಟೇ, ಮುಗಿಯಿತು.

"ನನ್ನ ಸಿನಿಮಾದಾಗ ಬಾಗಲಾ ಹಾಕಂಗಿಲ್ಲ!" ಎಂದು ಕಾಕಾ ಗುಡುಗಿದರು. "ಹಂಗಾದ್ರ ನಾ ಸಿನಿಮಾನ ಮಾಡಂಗಿಲ್ರಿ" ಎಂದೆ. ಎಷ್ಟೋ ದಿನ ನಮ್ಮಿಬ್ಬರಿಗೂ ಮಾತಿಲ್ಲ. ಮನೆತನದ ಗುಣ ನೋಡಿ! ಕೊನೆಗೆ ಅವರೇ ಸೋತು ಬಂದರು. "ಆತು, ಹಾಕು. ಆದ್ರ ಬಾಗಲಾ ನಿಮ್ಮ ಮನೀದ ಇರ್ಲಿ. ಹೊರಗ ನಿಲ್ಲಾಂವ ನಾನ."

ಮನೆಯಲ್ಲಿ ಶೂಟಿಂಗ್ ಇದೆ ಎಂದಷ್ಟೇ ಅಪ್ಪನಿಗೆ ಹೇಳಿದ್ದೆ. ಯಾರು ಬರುತ್ತಾರೆಂದು ಹೇಳಿರಲಿಲ್ಲ. ಅವರು ಗೊಣಗುತ್ತ ಒಳಗೆ ಪೇಪರ್ ಓದುತ್ತಿದ್ದರು. ಅಣ್ಣನ ಪಾತ್ರದವನು ಬಾಗಿಲು ತೆರೆದು, ಕಾಕಾನನ್ನು ದಿಟ್ಟಿಸಿ, ಧಡಾರನೆ ಹಾಕಿಕೊಂಡ. ಭಲೇ ಎಂದುಕೊಂಡೆ.

"ಅಣ್ಣಾ, ನಾ ಬಂದೇನಿ" ಎಂದರು ಕಾಕಾ. ಅವರಿಗೆ ನಾನು ಬರೆದುಕೊಟ್ಟಿದ್ದ ಮಾತು ಅಷ್ಟೇ.

ಒಳಗಿನಿಂದ ನಾನು ಬರೆಯದ ಮಾತೊಂದು ಕೇಳಿಸಿತು. "ಬಾಗಲಾ ಯಾಂವ ಹಾಕಿದಾ? ಸರಿಯೋ ಆಚಿಗೆ!" ನಟನನ್ನು ಪಕ್ಕಕ್ಕೆ ತಳ್ಳಿ ಅಪ್ಪ ಬಾಗಿಲು ತೆರೆದರು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಕ್ಯಾಮೆರಾದವನು ನನ್ನ ಕಡೆ ನೋಡಿದ. ಕಟ್ ಎನ್ನುವ ಬದಲು, ನಡೆಯಲಿ ಎಂದು ಕೈಸನ್ನೆ ಮಾಡಿದೆ.

ಆ ಬಾಗಿಲಿನಲ್ಲಿ ಕಾಕಾನ ಹೊಟ್ಟೆ ಹಿಡಿಸುವುದೇ ಕಷ್ಟವಿತ್ತು. ಅಪ್ಪ ಅವರ ಎರಡೂ ಹೆಗಲು ಹಿಡಿದು ಹೇಳಿದರು: "ಎಷ್ಟ ಸೊರಗೀಯೋ ತಮ್ಮಾ! ಒಳಗ ಬಾ."