ನಾನು ಡ್ರಿಲ್ ಮೆಷೀನು ಕೊಂಡ ಪ್ರಕರಣ

ಪುಸ್ತಕಗಳ ನಡುವೆಯೇ ಆಯುಷ್ಯ ಸವೆಸಿದವನು ಯಂತ್ರವೊಂದನ್ನು ಕೊಳ್ಳಲು ಹೊರಟರೆ ಏನಾದರೊಂದು ನಡೆಯದೆ ಇರದು. ನನಗೆ ಅದು ಒಂದೇ ವಾರದಲ್ಲಿ ಮೂರು ಸಲ ನಡೆಯಿತು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಕಾಲೇಜಿನಲ್ಲಿ ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತನಾದೊಡನೆ, ಅಲ್ಲಿ ಕೂಡಿಹಾಕಿದ್ದ ನನ್ನ ಗ್ರಂಥರಾಶಿಯೂ ಬಂದು ಹಲಸೂರಿನ ನಮ್ಮ ನಡುಮನೆಯನ್ನು ಆಕ್ರಮಿಸಿತು. ನವರಾತ್ರಿಗೆ ಗೊಂಬೆ ಕೂರಿಸುವ ಜಾಗವೂ ಅದೇ.

"ಅಮಾವಾಸ್ಯೆ ಸಾಯಂಕಾಲದೊಳಗೆ ಇವು ಗೋಡೆ ಹತ್ತಬೇಕು. ಇಲ್ಲಾಂದ್ರೆ ರದ್ದಿಯವನ ತಕ್ಕಡಿ ಹತ್ತುತ್ವೆ," ಎಂದು ನನ್ನ ಹೆಂಡತಿ ತೀರ್ಪಿತ್ತಳು.

ಪುಸ್ತಕ ಜೋಡಿಸುವ ಹಲಗೆಗಳನ್ನು ಗೋಡೆಗೆ ಹೊಡೆದುಕೊಡಲು ಬಡಗಿಯೊಬ್ಬ ಒಪ್ಪಿಕೊಂಡ. ಆದರೆ ನಮ್ಮದು ಹಳೆಯ ಕಲ್ಲುಗೋಡೆ. "ನನ್ನ ಡ್ರಿಲ್ಲು ಇದಕ್ಕೆ ಹಲ್ಲು ಊರಲ್ಲ ಸಾರ್. ನೀವೇ ಒಂದು ಒಳ್ಳೆ ಮೆಷೀನ್ ತಂದ್ಬಿಡಿ," ಎಂದ.

೧. ಅಂಗಡಿಯಲ್ಲಿ ಅಧ್ಯಯನ

ಶಿವಾಜಿನಗರದ ಅಂಗಡಿಯ ಸಾಹೇಬರು ಎರಡು ಯಂತ್ರಗಳನ್ನು ಮುಂದಿಟ್ಟರು.

"ಇದು ಮಾಮೂಲಿ, ಇಟ್ಟಿಗೆಗೆ ಸಾಕು. ಇದು ಪ್ರೀಮಿಯಂ ಮೇಷ್ಟ್ರೇ, ಒಳಗೇ ಸುತ್ತಿಗೆ ಇದೆ. ಕಲ್ಲು, ಕಾಂಕ್ರೀಟು, ಏನ್ ಕೊಟ್ರೂ ನುಂಗುತ್ತೆ."

ಮೂಲವನ್ನು ನೋಡದೆ ನಿರ್ಣಯ ಕೊಡುವ ಅಭ್ಯಾಸ ನನಗಿಲ್ಲ. ಪೆಟ್ಟಿಗೆಯೊಳಗಿನ ಕೈಪಿಡಿಯನ್ನು ಬೇಡಿ ಪಡೆದು, ಸ್ಟೂಲಿನ ಮೇಲೆ ಕುಳಿತು, ಮೊದಲ ಮುನ್ನೆಚ್ಚರಿಕೆಯಿಂದ ಕೊನೆಯ ಪುಟದವರೆಗೆ ಓದಿ ಮುಗಿಸಿದೆ. ಅಷ್ಟರಲ್ಲಿ ಎರಡು ಸಲ ಚಹಾ ಬಂದಿತ್ತು. ಬಳಿಕ ಪ್ರೀಮಿಯಂ ಯಂತ್ರವನ್ನೇ ಕಟ್ಟಿಕೊಡಿರೆಂದೆ.

ಸಾಹೇಬರು ಮುಂದಕ್ಕೆ ಬಾಗಿ ಕೇಳಿದರು: "ಇಪ್ಪತ್ತು ವರ್ಷದಿಂದ ಮಾರ್ತಾ ಇದೀನಿ, ಇದನ್ನ ಪೂರ್ತಿ ಓದಿದ್ದು ನೀವೊಬ್ರೇ. ಕೊನೇಲಿ ಏನಾಗುತ್ತೆ ಮೇಷ್ಟ್ರೇ?"

೨. ಹನ್ನೊಂದನೆಯ ಪುಟ

ಮರುದಿನ ಗರುಡಾಚಾರ್‌ಪಾಳ್ಯದಿಂದ ಬಂದ ಬಡಗಿ ಯಂತ್ರವನ್ನು ಹಸುಗೂಸಿನಂತೆ ಎತ್ತಿಕೊಂಡು ಹಿಗ್ಗಿದ. ತನ್ನ ಚೀಲದಿಂದ 'ಬಿಟ್ಟು' ಎಂಬ ಕೊರೆಯುವ ಮೊನೆಯೊಂದನ್ನು ತೆಗೆದು ಯಂತ್ರದ ಬಾಯಿಗೆ ಸಿಕ್ಕಿಸಿದ; ಅದು ಜಾರಿ ನೆಲಕ್ಕೆ ಬಿತ್ತು. ಇನ್ನೊಂದೂ ಬಿತ್ತು.

"ಕೂರ್ತಾನೇ ಇಲ್ವಲ್ಲ ಸಾರ್?"

"ಕೂರುವುದಿಲ್ಲಪ್ಪ. ಬುಡದಲ್ಲಿ ಕಚ್ಚುಗಳನ್ನು ಕೊರೆದಿರುವ ಬಿಟ್ಟುಗಳು ಮಾತ್ರ ಇದಕ್ಕೆ ಹೊಂದುತ್ತವೆ. ಅವನ್ನು ಪ್ರತ್ಯೇಕವಾಗಿ ಕೊಳ್ಳತಕ್ಕದ್ದು. ಹನ್ನೊಂದನೆಯ ಪುಟ."

"ಓ, ತಂದಿದೀರಾ?"

"ಇಲ್ಲ."

"ಗೊತ್ತಿದ್ದೂ?"

ಸತ್ಯವನ್ನೇ ನುಡಿದೆ: ಓದುವಾಗ ಅದು ಬೇರೆ ಯಾರಿಗೋ ಹೇಳಿದ ಮಾತೆಂದು ಭಾವಿಸಿದ್ದೆ.

೩. ಅಮಾವಾಸ್ಯೆ

"ನಾಳೆ ಅಮಾವಾಸ್ಯೆ. ಹಲಗೆ ಬೇಕಾದ್ರೆ ತಂದಿಡ್ತೀನಿ, ಗೋಡೆಗೆ ಮಾತ್ರ ತೂತು ಹೊಡೆಯಲ್ಲ," ಎಂದು ಬಡಗಿ ಹೊರಟುಹೋದ. ಅಲ್ಲಿಗೆ ನನ್ನ ಗಡುವು ಮುಗಿದಂತೆಯೇ.

ಆದರೂ ಮರುದಿನ ಶಿವಾಜಿನಗರಕ್ಕೆ ಹೋದೆ. ಸಾಹೇಬರು ಬಿಟ್ಟುಗಳನ್ನು ಕೈಗಿಟ್ಟು, "ಇವಕ್ಕೆ ಪುಸ್ತಕ ಇಲ್ಲ ಮೇಷ್ಟ್ರೇ, ಬೇಗ ಮನೆಗೆ ಹೋಗಿ," ಎಂದರು.

ಸಂಜೆ ಮನೆಗೆ ಬಂದರೆ ನಡುಮನೆಯಲ್ಲಿ ಒಂದು ಪುಸ್ತಕವೂ ಇಲ್ಲ! ಬಿಳಿಯ ಪಂಚೆ ಹೊದ್ದ ಏಳು ಮೆಟ್ಟಿಲುಗಳ ಮೇಲೆ ಗೊಂಬೆಗಳು ಕುಳಿತಿದ್ದವು. ಅತ್ಯುನ್ನತ ಸ್ಥಾನದಲ್ಲಿ, ಪಟ್ಟದ ಗೊಂಬೆಗಳ ನಡುವೆ, ಕುಂಕುಮ ಧರಿಸಿ ನನ್ನ ಡ್ರಿಲ್ ಮೆಷೀನು ವಿರಾಜಿಸುತ್ತಿತ್ತು.

ಕೈಯಲ್ಲಿ ಬಿಟ್ಟುಗಳನ್ನು ಹಿಡಿದುಕೊಂಡೇ ಮೂಲೆಯ ರದ್ದಿ ಅಂಗಡಿಗೆ ಓಡಿದೆ. "ಅಮ್ಮ ಏನೂ ಕೊಟ್ಟಿಲ್ಲ ಸಾರ್," ಎಂದು ರದ್ದಿಯವನು ಆಣೆಯಿಟ್ಟ. ನಾನು ನಂಬದೆ ಅವನ ರಾಶಿಯನ್ನೆಲ್ಲ ಕೆದರಿ, ಏದುಸಿರು ಬಿಡುತ್ತ ಹಿಂದಿರುಗಿದೆ.

ಹಲಗೆ ಇಳಿಸಲು ಬಂದಿದ್ದ ಬಡಗಿ ಮೆಟ್ಟಿಲುಗಳನ್ನು ಒತ್ತಿ, ಅಲ್ಲಾಡಿಸಿ ನೋಡುತ್ತಿದ್ದ.

"ಸಾರ್, ಮೆಷೀನ್ ಇಳಿಸಿಕೊಡಿ, ನಾಳೆ ಕೆಲಸ ಶುರು ಮಾಡೋಣ."

"ಆಯುಧಪೂಜೆಗೆ ಇಟ್ಟಾಯ್ತು. ವಿಜಯದಶಮಿವರೆಗೂ ಯಾರೂ ಮುಟ್ಟೋ ಹಾಗಿಲ್ಲ," ಎಂದಳು ನನ್ನ ಹೆಂಡತಿ.

"ಆಗಲಿ ಬಿಡಿ. ಆದ್ರೆ ಈ ಮೆಟ್ಟಿಲು ಯಾವ ಮರದ್ದಮ್ಮಾ? ಒಂದು ತೂತಿಲ್ಲ, ಒಂದು ಮೊಳೆ ಇಲ್ಲ, ಕಲ್ಲಿನ ಹಾಗೆ ಕೂತಿದೆ! ಯಾವ ಮೇಸ್ತ್ರಿ ಮಾಡಿದ್ದು?"

ಅವಳು ಪಂಚೆಯ ಅಂಚನ್ನು ಮೇಲೆತ್ತಿದಳು. ತಳದಲ್ಲಿ ನಿಘಂಟುಗಳು, ಅವುಗಳ ಮೇಲೆ ವ್ಯಾಕರಣ, ಅದರ ಮೇಲೆ ವ್ಯಾಖ್ಯಾನಗಳು. ನನ್ನ ಸಮಸ್ತ ಗ್ರಂಥಭಂಡಾರವೂ ಅಂಚಿಗೆ ಅಂಚು ಹೊಂದಿಕೊಂಡು ನಿಂತಿತ್ತು.

"ಇವರೇ," ಎಂದು ನನ್ನತ್ತ ಕೈ ತೋರಿದಳು. "ಮೂವತ್ತೈದು ವರ್ಷ ತಗೊಂಡ್ರು."