ಒಲೆಗೆ ಗಾಳಿ ಎಲ್ಲಿಂದ?

ಊರು ಬಿಟ್ಟು ಬಂದವರ ಅಡುಗೆಮನೆಯಲ್ಲಿ ಏನಾದರೊಂದು ಫಜೀತಿ ಆಗುತ್ತಲೇ ಇರುತ್ತದೆ. ಕೋಲ್ಕತ್ತದ ಡಮ್ ಡಮ್‌ನ ನಮ್ಮ ಬಾಡಿಗೆ ಮನೆಯಲ್ಲಿ ಆದದ್ದಕ್ಕೆಲ್ಲ ಕಾರಣ ಕಟ್ಟಿಗೆ ಒಲೆಯ ಜೋಳದ ರೊಟ್ಟಿ.

೧. ಕಣ್ಣೀರು

ನಮ್ಮ ಯಜಮಾನರು ಧಾರವಾಡದವರು, ಇಲ್ಲಿ ರೈಲ್ವೆ ನೌಕರಿ. "ಗ್ಯಾಸ್ ಮ್ಯಾಲಿನ ರೊಟ್ಟಿಗೆ ವಾಸನೀನ ಇಲ್ಲ ನೋಡು" ಎಂದು ದಿನಾ ನಿಟ್ಟುಸಿರು. ಕೊನೆಗೆ ಹೊಗೆ ಕೊಳವೆಯಿರುವ ತಗಡಿನ ಒಲೆ ಮಾಡಿಸಿ ತಾರಸಿಯ ಕೋಣೆಯಲ್ಲಿಟ್ಟರು. ಪಾರಿವಾಳಗಳ ಕಾಟಕ್ಕೆ ಅಲ್ಲಿನ ಕಿಟಕಿಗಳಿಗೆಲ್ಲ ಗಾಜು ಜಡಿದಿದ್ದರು. ಒಲೆ ಹಚ್ಚಿದೆ, ಹೊಗೆ ತುಂಬಿತು. ಹೊಗೆ ಎಳೆಯುವ ಫ್ಯಾನ್ ಹಾಕಿದೆ, ಇನ್ನೂ ದಟ್ಟವಾಯಿತು.

"ಥೇಟ್ ನಮ್ಮವ್ವನ ಅಡಗಿಮನಿ!" ಎಂದರು ಇವರು, ಕಣ್ಣೊರೆಸಿಕೊಳ್ಳುತ್ತ.

"ಅಳಬ್ಯಾಡ್ರಿ."

"ಅಳಾಕತ್ತಿಲ್ಲ, ಬಾಗಲಾ ಎಲ್ಲೈತಿ ತೋರ್ಸು!"

೨. ಊದುಬತ್ತಿ

ಪಕ್ಕದ ಬೀದಿಯಲ್ಲಿ ಮೈಸೂರಿನ ಭೌತಶಾಸ್ತ್ರದ ಮೇಷ್ಟ್ರಿದ್ದಾರೆ. ಅವರನ್ನು ಕರೆಸಿದೆವು. "ಕೋಣೆ ಗಾಳಿನೆಲ್ಲ ಫ್ಯಾನ್ ಹೊರಗೆ ಹಾಕುತ್ತೆ. ಒಲೆಗೆ ಗಾಳಿ ಸಾಲಲ್ಲ, ಹೊಗೆ ವಾಪಸ್ ಬರುತ್ತೆ. ಗೋಡೆಗೆ ತೂತು ಬೇಕೋ ಬೇಡವೋ ಪರೀಕ್ಷೆ ಮಾಡಿ ನೋಡೋಣ" ಎಂದರು. ಒಲೆಯ ಬಾಯಿಗೆ ಊದುಬತ್ತಿ ಹಿಡಿದು, ಅದರ ಹೊಗೆ ಒಳಗೆ ಹೋಗುವುದೋ ಹೊರಗೆ ಬರುವುದೋ ಎಂದು ಬಗ್ಗಿ ನೋಡುತ್ತಿದ್ದರು. ಅಷ್ಟರಲ್ಲಿ ಕೆಳಗೆ ವಾಸವಿರುವ ಮಾಲೀಕರ ಹೆಂಡತಿ, ನಾವು ಬಂಗಾಳಿಯಲ್ಲಿ 'ಮಾಶಿಮಾ' ಅಂದರೆ ಚಿಕ್ಕಮ್ಮ ಎಂದು ಕರೆಯುವವರು, ಬಂದು ಭಕ್ತಿಯಿಂದ ಕೈಮುಗಿದರು. "ಇದು ಯಾವ ದೇವರ ಪೂಜೆ?"

ಮೇಷ್ಟ್ರು ತಿರುಗಿ ಕೂಡ ನೋಡಲಿಲ್ಲ. "ಗಾಳಿ" ಎಂದರು.

ಮರುದಿನ ಒಲೆಯ ಮುಂದೆ ಒಂದು ತಟ್ಟೆ ಸಂದೇಶ್ ಮಿಠಾಯಿ ಇತ್ತು, ನೈವೇದ್ಯಕ್ಕೆ.

೩. ತೂತು

ಫ್ಯಾನ್ ನಿಲ್ಲಿಸಿ ಬಾಗಿಲು ತೆರೆದರೆ ಹೊಗೆ ಸಲೀಸಾಗಿ ಕೊಳವೆ ಹತ್ತಿತು. "ಹೊರಗಿನ ಗಾಳಿ ಬೇಕೇ ಬೇಕು. ಒಂದು ತೂತು ಮಾಡಿಸಿಬಿಡಿ, ಶಾಶ್ವತವಾಗಿರುತ್ತೆ" ಎಂದರು ಮೇಷ್ಟ್ರು. ಸುದ್ದಿ ಕೇಳಿ ಮನೆ ಮಾಲೀಕರು ಕೆಂಡವಾಗಿ ಮೆಟ್ಟಿಲೇರಿ ಬಂದರು. "ನನ್ನ ಗೋಡೆಗೆ ತೂತೇ?"

ಹೆಂಚಿನಿಂದ ಆಗಷ್ಟೇ ಇಳಿದ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟೆ. ತಿಂದರು. ಇನ್ನೊಂದು ಕೇಳಿದರು. ಆಮೇಲೆ ಒಲೆಯ ಮುಂದೆ ಕುಳಿತು, "ಅಮ್ಮ ಹೋದ ಮೇಲೆ ನಮ್ಮಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಈ ಸುಟ್ಟ ವಾಸನೆ ಮರೆತೇ ಹೋಗಿತ್ತು" ಎಂದರು. ಇವರೂ ಅವರೂ ಬೆಂಕಿ ನೋಡುತ್ತ ಕೂತರು. ಇಬ್ಬರ ಕಣ್ಣೂ ಒದ್ದೆ, ಆದರೆ ಈ ಸಲ ಕೋಣೆಯಲ್ಲಿ ಹೊಗೆಯಿರಲಿಲ್ಲ.

ಏಳುವಾಗ ಮಾಲೀಕರು ಹೇಳಿದರು: "ತೂತು ಹಾಕಿಕೊಳ್ಳಿ. ಆದರೆ ನಮ್ಮ ಮನೆ ಕಡೆಗೆ ಇರಲಿ, ವಾಸನೆ ಕೆಳಗೆ ಬರಬೇಕು."

"ತೂತಿನಿಂದ ಗಾಳಿ ಒಳಗೆ ಬರುತ್ತೆ ಸಾರ್, ವಾಸನೆ ಹೊರಗೆ ಹೋಗಲ್ಲ" ಎಂದರು ಅಲ್ಲೇ ರೊಟ್ಟಿ ತಿನ್ನುತ್ತಿದ್ದ ಮೇಷ್ಟ್ರು.

ಮಾಲೀಕರು ಯೋಚಿಸಿದರು. "ಹಾಗಾದರೆ ತೂತು ಬೇಡ, ಬಾಗಿಲನ್ನೇ ತೆರೆದಿಡಿ. ವಾಸನೆ ಬರದಿದ್ದರೆ ನಾನೇ ಮೇಲೆ ಬರುತ್ತೇನೆ."