ಹಾಲೆಂಡಿನವರಿಗೆ ನಮ್ಮ ಮನೆ, ನಮಗೆ ಅವರದು

ನಮ್ಮ ದೊಡ್ಡವ್ವನ ಕೈಗೆ ನಂಬಿ ಏನನ್ನೂ ಕೊಡಬೇಡಿ. ಅದನ್ನು ಯಾರಿಗೋ ಕೊಟ್ಟು ಅವರದನ್ನು ಇಸಿದುಕೊಂಡು ಬರುತ್ತಾಳೆ. ಸುರಪುರದ ಸಂತೆಗೆ ನನ್ನ ಕೊಡೆ ಒಯ್ದವಳು ಟಾರ್ಚು ತಂದಿದ್ದಳು. ಬಸ್ಸಿನಲ್ಲಿ ಸೀಟು ಬದಲಾಯಿಸದೆ ಅವಳು ಯಾದಗಿರಿ ಮುಟ್ಟಿದ್ದೇ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ, ಶಹಾಪುರದ ನನ್ನ ಮನೆಯನ್ನೇ ಹಾಲೆಂಡಿನವರ ಮನೆಗೆ ಬದಲಿಸಿಬಿಡುತ್ತಾಳೆಂದು ನಾನು ಎಣಿಸಿರಲಿಲ್ಲ!

ದೊಡ್ಡವ್ವ ನನ್ನ ತಾಯಿಯ ಅಕ್ಕ. ಸುರಪುರದಲ್ಲಿ ಟೆಲಿಫೋನ್ ಆಪರೇಟರ್ ಆಗಿ ನಿವೃತ್ತಳಾದವಳು. ಗುರುತಿಲ್ಲದವರೊಂದಿಗೆ ಮಾತಾಡಿ ಮಾತಾಡಿ, ಗುರುತಿಲ್ಲದವರು ಎಂಬ ಜಾತಿಯೇ ಲೋಕದಲ್ಲಿಲ್ಲ ಎಂದು ನಂಬಿದವಳು.

ನಡೆದದ್ದು ಹೀಗೆ. ನನ್ನ ಹೆಂಡತಿ ತೀರಿಕೊಂಡಳು. ತೀರಿಕೊಂಡ ನಕ್ಷತ್ರ ಸರಿಯಿಲ್ಲ, ಆರು ತಿಂಗಳು ಮನೆ ಬಿಡಬೇಕು ಎಂದರು ಹಿರಿಯರು. ಬೀಗ ಹಾಕಿ, ಹನ್ನೊಂದರ ಮಗಳನ್ನೂ ಆರರ ಮಗನನ್ನೂ ಕರೆದುಕೊಂಡು ಸುರಪುರದ ದೊಡ್ಡವ್ವನ ಮನೆಗೆ ಬಂದೆ. ಅಲ್ಲಿಗೇ ಒಂದು ದಿನ ಹೆಂಡತಿಯ ತಾಯಿಯಾದ ನನ್ನ ಅತ್ತೆಯೂ ನನ್ನ ಅಣ್ಣನೂ ಬಂದು ತೀರ್ಮಾನ ಮಾಡಿದರು. ಬೇಸಿಗೆ ರಜೆ ಮುಗಿದ ಮೇಲೆ ಮಗಳು ವಡಗೇರಾದಲ್ಲಿ ಅತ್ತೆಯ ಹತ್ತಿರ, ಮಗ ಯಾದಗಿರಿಯಲ್ಲಿ ಅಣ್ಣನ ಹತ್ತಿರ.

"ಒಲಿ ಹಚ್ಚಾಕ ಬರದ ಗಂಡಸ್ರು ಎರಡು ಮಕ್ಕಳನ್ನ ಹ್ಯಾಂಗ ಸಾಕ್ತಾರ?" ಎಂದರು ಅತ್ತೆ.

ಅವರು ಹೇಳಿದ್ದು ಸುಳ್ಳಲ್ಲ. ಅಂದಿನಿಂದ ಮಗ ಅಕ್ಕನ ಲಂಗದ ಅಂಚು ಬಿಡಲಿಲ್ಲ.

ದೊಡ್ಡವ್ವ ಅವತ್ತು ತುಟಿ ಬಿಚ್ಚಲಿಲ್ಲ. ಅವಳು ಸುಮ್ಮನಿದ್ದಾಳೆಂದರೆ ಊರೇ ಎಚ್ಚರವಾಗಿರಬೇಕು! ವಾರ ಕಳೆದು ಮೊಬೈಲು ಹಿಡಿದು ಬಂದಳು.

"ತಮ್ಮಾ, ಮಕ್ಕಳಿದ್ದವ್ರು ಒಬ್ಬರ ಮನಿಯಾಗ ಒಬ್ಬರು ರಜಾ ಕಳೀತಾರಂತ. ಅವ್ರು ಇಲ್ಲಿ, ನಾವು ಅಲ್ಲಿ. ನಿನ್ನ ಮನಿ ಇದರಾಗ ಹಾಕೀನಿ."

"ದೊಡ್ಡವ್ವ, ಆ ಮನಿ ಬಿಡ್ರಿ ಅಂದಾರಲ್ಲ!"

"ನಮಗ ಬಿಡು ಅಂದಾರ. ನಕ್ಷತ್ರ ನಮ್ದು. ಹಾಲೆಂಡಿನವ್ರಿಗೆ ಹ್ಯಾಂಗ ಹತ್ತತದ?"

ಈ ತರ್ಕಕ್ಕೆ ಯಾವ ಶಾಸ್ತ್ರಿಗಳ ಹತ್ತಿರ ಉತ್ತರವಿದೆ, ನೀವೇ ಹೇಳಿ!

ಅರ್ಜಿಯನ್ನು ನನ್ನ ಮಗಳಿಂದ ಇಂಗ್ಲಿಷಿನಲ್ಲಿ ತುಂಬಿಸಿದ್ದಳು. ಈಜುಕೊಳ ಇದೆಯೇ? ಹಿತ್ತಲಿನ ನೀರಿನ ತೊಟ್ಟಿಯ ಫೋಟೊ. ಸಾಕುಪ್ರಾಣಿ? ಪಕ್ಕದ ಮನೆಯ ಎಮ್ಮೆ. ಮನೆಯಲ್ಲಿ ಎಷ್ಟು ಜನ ಮಲಗಬಹುದು? ಮದುವೆಯ ಲೆಕ್ಕ ಹಿಡಿದು, ಮಾಳಿಗೆಯನ್ನೂ ಸೇರಿಸಿ, ಎಪ್ಪತ್ತು! ಕೊನೆಗೆ, ಈ ಮನೆಯಲ್ಲಿ ಒಂದು ಸಾವಾಗಿದೆ ಎಂದೂ ಬರೆಸಿದ್ದಳು. ಮುಚ್ಚಿಟ್ಟು ಬದಲಿ ಮಾಡುವವಳಲ್ಲ.

ಹಾಲೆಂಡಿನ ಗಂಡ ಹೆಂಡತಿ ಬರೆದರು: "ನಾವು, ಇಬ್ಬರು ಮಕ್ಕಳು, ಒಟ್ಟು ನಾಲ್ವರು. ಉಳಿದ ಅರವತ್ತಾರು ಜನ ಯಾರು? ಅಂದಹಾಗೆ ನಮ್ಮ ಅಜ್ಜನೂ ಈ ಮನೆಯಲ್ಲೇ ತೀರಿಕೊಂಡರು. ನಿಮಗೆ ಅಡ್ಡಿಯಿಲ್ಲವೇ?"

"ಯಾವ ನಕ್ಷತ್ರ ಕೇಳು!" ಎಂದಳು ದೊಡ್ಡವ್ವ.

ಅವರಿಗೆ ನಕ್ಷತ್ರ ಎಲ್ಲಿ ಗೊತ್ತಿರಬೇಕು? ತೀರಿದ ದಿನ, ಗಂಟೆ ತರಿಸಿಕೊಂಡು ಪಂಚಾಂಗದವರಿಗೆ ತೋರಿಸಿದಳು. ಹಾಲೆಂಡಿನ ಅಜ್ಜ ದೋಷವಿಲ್ಲದ ಗಳಿಗೆಯಲ್ಲಿ ಹೋಗಿದ್ದ. ಒಪ್ಪಂದವಾಯಿತು! ಟಿಕೆಟ್ಟಿನ ಮಾತೆತ್ತಿದರೆ, "ನಿವೃತ್ತಿ ದುಡ್ಡು ಏನ್ ಸಂಗಡ ಒಯ್ಯಾಕ ಇಟ್ಕೊಂಡೀನೇನು?" ಎಂದು ನನ್ನನ್ನೇ ಗದರಿಸಿದಳು.

ಮೇ ತಿಂಗಳಲ್ಲಿ ಶಹಾಪುರಕ್ಕೆ ಯಾರಾದರೂ ಬರುತ್ತಾರೆಯೇ? ಬಂದರು! "ಅವ್ರಿಗೆ ಬಿಸಲು ಬೇಕಂತ. ನಮ್ಮಲ್ಲಿ ಹೆಚ್ಚಾಗ್ಯಾದ" ಎಂದಳು ದೊಡ್ಡವ್ವ. ಅವರನ್ನು, ಓಣಿಯವರೆಲ್ಲ ಖಾಲಾ, ಎಂದರೆ ಚಿಕ್ಕಮ್ಮ, ಎನ್ನುವ ಪಕ್ಕದ ಮನೆಯವರಿಗೆ ಒಪ್ಪಿಸಿದ್ದೆವು. ಮಾಳಿಗೆಯಿಂದ ಕಾಣುವ, ಮಲಗಿದ ಬುದ್ಧನ ಆಕಾರದ ಗುಡ್ಡ ತೋರಿಸಿ ಅವರ ಚಿಕ್ಕ ಹುಡುಗಿ, ಇವರು ಏಳುವುದು ಯಾವಾಗ ಎಂದು ಸನ್ನೆ ಮಾಡಿ ಕೇಳಿದಳಂತೆ. "ಉಠಾನಾ ನಕ್ಕೋ ಬೇಟಾ, ಸೋನೆ ದೇ" ಎಂದರಂತೆ ಖಾಲಾ. ಎಬ್ಬಿಸಬೇಡ, ಮಲಗಲಿ ಬಿಡು!

ಇತ್ತ ಹಾಲೆಂಡಿನಲ್ಲಿ ನಮ್ಮ ಪ್ರವೇಶ. ವಿಮಾನ ನಿಲ್ದಾಣದ ಅಧಿಕಾರಿ ದೊಡ್ಡವ್ವನನ್ನು ಏನೋ ಕೇಳಿದ. ಇವಳು ಸರ್ವಿಸಿನಲ್ಲಿ ಕಲಿತ ಇಂಗ್ಲಿಷಿನಲ್ಲಿ, "ಹೋಲ್ಡ್ ಆನ್ ಪ್ಲೀಸ್" ಎಂದು ನನ್ನತ್ತ ತಿರುಗಿದಳು. ಅವನು ನಿಜಕ್ಕೂ ಕಾಯುತ್ತ ನಿಂತ!

ಮೊದಲ ಬೆಳಿಗ್ಗೆಯೇ ಸೋಫಾದ ಮೇಲೆ ಕಾಲು ಚಾಚಿದಳು. "ತಮ್ಮಾ, ನಾ ರಜಾದಾಗ ಇದ್ದೀನಿ. ಅಡುಗಿ ನಿಂದು. ಹುಡುಗಿ ಹೆರಳೂ ನಿಂದ."

ಜೋಳದ ಹಿಟ್ಟು ಊರಿಂದಲೇ ಒಯ್ದಿದ್ದೆವು. ನನ್ನ ಮೊದಲ ರೊಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ ಮಗ ಕೇಳಿದ: "ಅಪ್ಪಾ, ಇದು ಯಾವ ಜಿಲ್ಲಾ?"

"ದುಂಡಗ ಆಗಾಕ ಟೈಮ್ ಬೇಕು, ತಿನ್ನೋ!" ಎಂದಳು ಸೋಫಾದವಳು.

ಐದನೆಯ ದಿನಕ್ಕೆ ರೊಟ್ಟಿ ಉಬ್ಬಿತು. ಆದರೆ ಹೊಸ ಸಂಕಟ ಶುರುವಾಯಿತು. ಆ ಊರಿನಲ್ಲಿ ಗೋಡೆಯಷ್ಟು ದೊಡ್ಡ ಕಿಟಕಿಗಳು, ಪರದೆ ಎಳೆಯುವವರಿಲ್ಲ. ಉಣ್ಣುವುದೆಲ್ಲ ಬೀದಿಗೆ ಕಾಣುತ್ತದೆ. ಉಣ್ಣುವಾಗ ಕಂಡವರನ್ನು ಕರೆಯದೆ ತುತ್ತೆತ್ತುವುದು ನಮ್ಮ ಕಡೆ ಉಂಟೇ? ದೊಡ್ಡವ್ವ ಹೋಗುವವರನ್ನೆಲ್ಲ ಗಾಜಿನೊಳಗಿಂದಲೇ ಕೈ ಮಾಡಿ, "ಬರ್ರಿ, ಊಟಕ್ಕ ಬರ್ರಿ!" ಎಂದು ಕರೆಯತೊಡಗಿದಳು.

"ದೊಡ್ಡವ್ವ, ಇಲ್ಲಿ ಹಂಗ ಕರಿಯಂಗಿಲ್ಲ."

"ಹಂಗಾದ್ರ ಯಾಕ ನೋಡ್ತಾರ?"

ಮೂರು ದಿನ ಜನ ನಕ್ಕು ಮುಂದೆ ಹೋದರು. ನಾಲ್ಕನೆಯ ದಿನ ನಾಯಿ ಹಿಡಿದ ಒಬ್ಬ ಮುದುಕ ಬಾಗಿಲು ತಟ್ಟಿದ. ರೊಟ್ಟಿ, ಖಾರದ ಶೇಂಗಾ ಹಿಂಡಿ ತಿಂದು, ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಕೇಳಿದ. ಮರುದಿನ ಹೆಂಡತಿಯನ್ನು ಕರೆತಂದ, ಜೊತೆಗೆ ಚೀಸಿನ ದೊಡ್ಡ ಗಾಲಿ. ಹೊರಡುವ ಹಿಂದಿನ ದಿನ ಹನ್ನೊಂದು ಜನ ನೆಲದ ಮೇಲೆ ಪಂಕ್ತಿ ಕೂತಿದ್ದರು. ನಾನು ಬಡಿದೆ, ಮಗಳು ಬೇಯಿಸಿದಳು, ಮಗ ಅಕ್ಕನ ಲಂಗ ಬಿಟ್ಟು ಓಡಾಡುತ್ತ ಬಡಿಸಿದ. ಹಾಲೆಂಡು ಗೆದ್ದೆವು!

ಊರಿಗೆ ಬಂದ ಮೇಲೆ ಆರು ತಿಂಗಳೂ ಮುಗಿದವು. ಶಾಂತಿ ಮಾಡಿಸಿ, ದೊಡ್ಡವ್ವನನ್ನೂ ಕರೆದುಕೊಂಡು ಶಹಾಪುರದ ಮನೆ ಸೇರಿದೆವು. ಮೂರನೆಯ ದಿನ ಅತ್ತೆ ಬಂದರು, ಮಗಳ ಬಟ್ಟೆ ತುಂಬಲು ಖಾಲಿ ಚೀಲ ಹಿಡಿದು. ಅಣ್ಣನೂ ಬಂದ. ನನಗೆ ವಾದ ಮಾಡಲು ಬರುವುದಿಲ್ಲ. ಇಬ್ಬರಿಗೂ ತಾಟು ಇಟ್ಟು ಬಿಸಿ ರೊಟ್ಟಿ ಹಾಕಿದೆ.

"ಯಾರ್ ಮಾಡ್ಯಾರ?" ಎಂದರು ಅತ್ತೆ.

"ಅಪ್ಪ" ಎಂದ ಮಗ.

"ಮತ್ತ ಈಕಿ ಹೆರಳು?"

"ಅದೂ ಅಪ್ಪನ."

"ಒಲಿ ಹಚ್ಚೂದು ಹಾಲೆಂಡಿನಾಗ ಛಲೋ ಕಲಸ್ತಾರವ್ವಾ. ಅದಕ್ಕ ಒಯ್ದಿದ್ದೆ!" ಎಂದಳು ದೊಡ್ಡವ್ವ, ಎಲೆಗೆ ಸುಣ್ಣ ಸವರುತ್ತ. ಅಣ್ಣ ಜೋರಾಗಿ ನಕ್ಕು, "ಹುಡುಗ ಇಲ್ಲೇ ಇರ್ಲಿ ಬಿಡಪ್ಪ" ಎಂದು ಎರಡನೆಯ ರೊಟ್ಟಿಗೆ ಕೈ ಚಾಚಿದ.

ಅತ್ತೆ ನಗಲಿಲ್ಲ. ಕೈ ತೊಳೆದು ಬಂದು ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡರು. ಹೆರಳಿನ ಉದ್ದಕ್ಕೂ ಬೆರಳಾಡಿಸಿದರು.

"ಭಾಳ ಬಿಗಿ ಹಾಕೀರಿ. ಇವರವ್ವ ಸಣ್ಣಾಕಿದ್ದಾಗ ಬಿಗಿ ಹಾಕಿದ್ರ ಅಳ್ತಿದ್ಳು." ಹೆರಳನ್ನು ಬಿಚ್ಚಿಬಿಟ್ಟರು. "ಕುಂದರ್ರಿ ಇಲ್ಲಿ, ತೋರಸ್ತೀನಿ."

ನಾನು ಅವರ ಪಕ್ಕ ಕೂತೆ. ದೊಡ್ಡವ್ವ ಎಲೆಯನ್ನು ಹಾಗೇ ಬಿಟ್ಟು, ನನ್ನ ಬದಲಿಗೆ ರೊಟ್ಟಿ ಬಡಿಯಲು ಎದ್ದು ಹೋದಳು. ಅತ್ತೆ ಮೂರು ಸಲ ಹೆಣೆದು ಮೂರು ಸಲ ಬಿಚ್ಚಿದರು. ನಾಲ್ಕನೆಯದನ್ನು ನನ್ನ ಕೈಗೆ ಕೊಟ್ಟರು.